ಒಲಿಂಡಾ ಬಾಯಿಯ ಕೆಂಪು ಹೊದಿಕೆ

ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯ ಒಲಿಂಡಾ ಬಾಯಿ ಮಲ್ಲಿಗೆ ಬೆಳೆಯುತ್ತಿದ್ದರು. ಮೊಗ್ಗು ಕಡಿಮೆಯಾದರೆ ಗಿಡಕ್ಕೇ ಬೈಯುವ ಹೆಂಗಸು. ಗಿಡ ಸಿಗದಿದ್ದರೆ ನನಗೆ. ಮಗ ಅಲೋಶಿಯಸ್ ಪೈಲಟ್ ಆಗುತ್ತೇನೆಂದು ಹಠ ಹಿಡಿದು ಬೆಂಗಳೂರಿನ ಕಡೆಯ ಒಂದು ಕ್ಲಬ್ಬಿಗೆ ವಿಮಾನ ಹಾರಿಸುವುದನ್ನು ಕಲಿಯಲು ಹೋದ ಮೇಲೆ ಬೈಗುಳದಲ್ಲಿ ನನ್ನ ಪಾಲು ಇನ್ನೂ ಹೆಚ್ಚಿತು.

ಎಂಬತ್ತೆರಡನೇ ಇಸವಿಯಲ್ಲಿ ಅವನು ಒಬ್ಬನೇ ಮಂಗಳೂರಿನವರೆಗೆ ವಿಮಾನ ತರುವ ದಿನ ಹತ್ತಿರ ಬಂತು. ಬಾಯಿ ಅಂಚೆ ಕಚೇರಿಯ ಫೋನಿನಲ್ಲಿ, "ಅಷ್ಟು ಹತ್ತಿರ ಬಂದು ಮನೆ ನೋಡದೆ ಹೋಗುವುದುಂಟಾ? ಅಂಗಳದಲ್ಲಿ ಕೆಂಪು ಹೊದಿಕೆ ಹಾಸುತ್ತೇನೆ, ಬಾ" ಎಂದರು. ನೆಂಟರನ್ನು ಊಟಕ್ಕೆ ಕರೆದಷ್ಟೇ ಸಲೀಸಾಗಿ.

ಹುಡುಗ ದಾರಿ ಬಿಟ್ಟು ಬಂದೇಬಿಟ್ಟ. ಕೆಂಪು ಕಂಡು ಕೆಳಗಿಳಿದ, ಸುತ್ತು ಹೊಡೆದ. ನಾವೆಲ್ಲ ಕೈ ಬೀಸುತ್ತಿರುವಾಗಲೇ ಇಂಜಿನ್ ಸದ್ದು ನಿಂತಿತು. ತೆಂಗಿನ ಮರಗಳನ್ನು ಹೇಗೋ ದಾಟಿಸಿ ಕಡಲ ತೀರಕ್ಕೆ ಇಳಿಸಿದ. ಚಕ್ರ ಮರಳಲ್ಲಿ ಹೂತು ವಿಮಾನ ಅಂಗಾತ ಬಿತ್ತು. ಮೀನಿನವರು ಅವನನ್ನು ಎಳೆದು ತೆಗೆದು ಮಣಿಪಾಲಕ್ಕೆ ಸಾಗಿಸಿದರು. ಕಾಲು ಮುರಿದಿತ್ತು, ಜೀವ ಉಳಿದಿತ್ತು. ಆಸ್ಪತ್ರೆಗೆ ಓಡಿ ಬಂದ ಬಾಯಿಯ ಹೆಗಲ ಮೇಲೆ, ಅಂಗಳದಿಂದ ಬಾಚಿಕೊಂಡ ಆ ಹೊದಿಕೆ ಹಾಗೇ ಇತ್ತು.

"ಇನ್ನು ವಿಮಾನ ಹತ್ತುವುದಿಲ್ಲ ಮಮ್ಮಿ" ಎಂದ ಅಲೋಶಿಯಸ್. ಅವನಿಗೆ ಹೆದರಿಕೆ ಹೊಕ್ಕಿತ್ತು.

"ಒಳ್ಳೆಯದಾಯಿತು ಬಾಯಿ" ಎಂದೆ ನಾನು.

"ಎಂತ ಒಳ್ಳೆಯದು ವಾಸು? ಕರೆದದ್ದು ನಾನು. ನನ್ನ ಆಸೆಗೆ ಅವನ ಆಸೆ ಸಾಯಬೇಕಾ?"

ಕಾಲು ಸರಿಯಾದ ಮೇಲೆ ಮಗನನ್ನೂ ನನ್ನನ್ನೂ ಬಸ್ಸು ಹತ್ತಿಸಿ ಕಾರ್ಕಳದ ಅತ್ತೂರು ಇಗರ್ಜಿಗೆ ಕರೆದೊಯ್ದರು. ಹಾರಾಟ ಬಿಡಿಸುವ ಹರಕೆ ಎಂದೇ ನಾನು ತಿಳಿದಿದ್ದೆ. ಬಾಯಿ ಮೇಣದ ಬತ್ತಿ ಹಚ್ಚಿ, ಮಗನಿಗೆ ಕೇಳುವ ಹಾಗೆ ಸಂತರಿಗೆ ಹೇಳಿದರು: "ಇವನು ಮತ್ತೆ ಹಾರಲಿ. ನಾನು ಇನ್ನು ಕರೆಯುವುದಿಲ್ಲ, ತಲೆ ಎತ್ತಿ ನೋಡುವುದೂ ಇಲ್ಲ."

ಕ್ಲಬ್ಬಿನವರು ಅವನಿಗೆ ಚೆನ್ನಾಗಿ ಉಗಿದು, ಕೊನೆಗೆ ಮತ್ತೆ ಸೇರಿಸಿಕೊಂಡರು. ಮರುವರ್ಷ ಅವನು ಮಂಗಳೂರಿನಿಂದ ಗೋವಾಕ್ಕೆ ಹಾರುವ ದಿನ ಬಂತು, ದಾರಿ ನಮ್ಮೂರಿನ ಮೇಲೆಯೇ. ಬೆಳಿಗ್ಗೆ ಬಾಯಿ ಮಲ್ಲಿಗೆ ಕೊಯ್ಯುತ್ತಿದ್ದಾಗ ಸದ್ದು ಕೇಳಿತು.

"ಬಾಯಿ, ನಿಮ್ಮ ಮಗ" ಎಂದೆ.

"ನೀನು ನೋಡಿ ಹೇಳು ಮಾರಾಯ. ಈ ಕಡೆ ತಿರುಗುತ್ತಾನಾ?"

"ಇಲ್ಲ. ನೆಟ್ಟಗೆ ಹೋಗುತ್ತಿದ್ದಾನೆ."

"ಹೋಗಲಿ" ಎಂದರು. ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಸದ್ದು ಅಡಗುವವರೆಗೂ ಅವರು ಬುಟ್ಟಿಗೆ ಹಾಕುತ್ತಿದ್ದದ್ದು ಬರೀ ಎಲೆ.