ಗಿರಿಜಾ ಮೇಡಂ ಹುಡುಕಿಸಿದ ಗೇಲಿ

ಯಾವ ಭಾಷಣ ಪಾಠಕ್ಕಿದ್ದರೂ ಗಿರಿಜಾ ಮೇಡಂ ಮೊದಲು ಆ ಸಭೆಯಲ್ಲಿ ಭಾಷಣಕಾರರಿಗೆ ಎದುರಾಗಿರಬಹುದಾದ ಗೇಲಿಯನ್ನು ಹುಡುಗಿಯರಿಂದ ಹುಡುಕಿಸುತ್ತಿದ್ದರು. ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕಿ, ನಾನು ಕಾಯಂ. ಇಬ್ಬರದೂ ಇಂಗ್ಲಿಷ್. ಮಧ್ಯಾಹ್ನ ಅವರು ಹುಡುಗಿಯರ ನಡುವೆ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಅವರ ಶೇಂಗಾ ಚಟ್ನಿಗೆ ಹತ್ತು ಕೈ. ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಉಣ್ಣುತ್ತಿದ್ದೆ.

ಆ ವರ್ಷದ ಪಠ್ಯದಲ್ಲಿ, ಹೆಂಗಸರಿಗೂ ಮತದ ಹಕ್ಕು ಬೇಕೆಂದು ಪರದೇಶದ ಮಹಿಳೆಯೊಬ್ಬಳು ಮಾಡಿದ ಹಳೆಯ ಭಾಷಣವಿತ್ತು. ಸಾರಾಂಶ, ಪ್ರಶ್ನೆ, ಉತ್ತರ ಬರೆಸಿ ನಾನು ಎರಡು ದಿನದಲ್ಲಿ ಮುಗಿಸಿದೆ. ಅವರು ಎರಡು ವಾರ ತೆಗೆದುಕೊಂಡರು. ಒಂದು ದಿನ ಸೀಮೆಸುಣ್ಣ ಕೇಳುವ ನೆಪದಲ್ಲಿ ಅವರ ತರಗತಿಯ ಬಾಗಿಲಿಗೆ ಹೋದೆ. ಮೇಡಂ ಹುಡುಗಿಯರನ್ನು ಕೇಳುತ್ತಿದ್ದರು:

"ಈ ಸಾಲಿಗಿಂತ ಮೊದ್ಲು ಸಭಾದಾಗ ಯಾರೋ ಏನೋ ಅಂದಿರಬೇಕು. ಸುಮ್ನ ಯಾಕ ಸಿಟ್ಟಿಗೇಳ್ತಾಳ ಆಕಿ? ಏನಂದಿದ್ರು, ನೀವ ಹೇಳ್ರಿ."

ಚಿತ್ತವಾಡ್ಗಿಯ ರೇಣುಕಾ ಎದ್ದಳು. ಹಿಂದಿನ ವರ್ಷ ನನ್ನ ತರಗತಿಯಲ್ಲಿ ಹಾಜರಿಗೆ ಬಿಟ್ಟು ಬಾಯಿ ತೆರೆಯದಿದ್ದ ಹುಡುಗಿ.

"ನಮ್ಮ ಮಾವ ಅಂದಂಗ ಅಂದಿರ್ತಾರ್ರಿ. ರೊಟ್ಟಿ ಬಡ್ಯಾಕ ಡಿಗ್ರಿ ಬೇಕೇನವಾ ಅಂತ."

ತರಗತಿ ನಕ್ಕಿತು. ಮೇಡಂ ನಗಲಿಲ್ಲ. "ಪುಸ್ತಕದ ಅಂಚಿಗೆ ಅದನ್ನ ಬರಿ. ಈಗ ನಿಮ್ಮ ಮಾವ ಎದುರಿಗೆ ಕುಂತಾರ. ಮುಂದಿನ ಸಾಲು ಓದು."

ರೇಣುಕಾ ಓದಿದಳು. ಉಚ್ಚಾರ ಎರಡು ಕಡೆ ತಪ್ಪಿತು. ಆದರೂ ಎದುರಿಗೆ ಕೂತ ಮಾವನಿಗೇ ಹೇಳಿದ ಹಾಗಿತ್ತು. ನನ್ನ ಹದಿನೆಂಟು ವರ್ಷದ ಪಾಠದಲ್ಲಿ ಒಂದು ಸಾಲೂ ಹಾಗೆ ಕೇಳಿಸಿರಲಿಲ್ಲ. ನನಗೆ ಆದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಸೀಮೆಸುಣ್ಣ ಕೇಳದೆ ಹಿಂತಿರುಗಿದೆ.

ವರ್ಷದ ಕೊನೆಗೆ ಅತಿಥಿ ಉಪನ್ಯಾಸಕರಲ್ಲಿ ಒಬ್ಬರನ್ನು ಬಿಡಬೇಕಾಗಿ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆದರು.

"ಗಿರಿಜಾ ಮೇಡಂ ಪಾಠ ಹೆಂಗೈತ್ರಿ?"

"ಭಾಳ ಚಲೋ ಮಾಡ್ತಾರ್ರಿ ಸರ್. ಆದ್ರ ಪೋರ್ಷನ್ ಮುಗಿಸಂಗಿಲ್ಲ."

ಎರಡೂ ನಿಜ. ಎರಡನೆಯದರಿಂದ ಏನಾಗುತ್ತದೆಂದು ಗೊತ್ತಿದ್ದೇ ಹೇಳಿದೆ. ಮರುವರ್ಷ ಅವರು ಇರಲಿಲ್ಲ.

ಒಮ್ಮೆ ಕಂಪ್ಲಿ ಬಸ್ಸಿನಲ್ಲಿ ಸಿಕ್ಕರು. "ಬರ್ರಿ ಮೇಡಂ, ಕುಂದ್ರಿ" ಎಂದು ಚೀಲ ಎತ್ತಿ ಜಾಗ ಕೊಟ್ಟರು. ಕಂಪ್ಲಿಯಲ್ಲಿ ಟ್ಯೂಷನ್ ಹೇಳುತ್ತಿದ್ದರಂತೆ. "ಬರೇ ಗ್ರಾಮರ್ ರೀ. ಭಾಷಣ ಯಾರಿಗೆ ಬೇಕಾಗೈತಿ." ಚೀಲವನ್ನು ತೊಡೆಯ ಮೇಲೆ ಸರಿಸಿಕೊಂಡು, "ನನ್ನ ಪಾಠ ಚಲೋ ಅಂದೋರು ನೀವೊಬ್ರ ಅಂತ, ಪ್ರಿನ್ಸಿಪಾಲ್ರು ಹೇಳಿದ್ರು. ಮರೆಯಂಗಿಲ್ರಿ ಅದನ್ನ" ಎಂದರು.

ನನ್ನ ಮಾತಿನ ಉಳಿದರ್ಧ ಹೇಳಲು ನಾನಿಳಿಯುವ ಕಮಲಾಪುರದವರೆಗೆ ಸಮಯವಿತ್ತು. ನಾನು ಅವರ ಮಗಳ ಹೆಸರು ಕೇಳಿದೆ. ಟ್ಯೂಷನ್ನಿಗೆ ಎಷ್ಟು ಮಕ್ಕಳೆಂದು ಕೇಳಿದೆ. ಅವರು ಎಲ್ಲದಕ್ಕೂ ಸಂತೋಷದಿಂದ ಉತ್ತರ ಕೊಟ್ಟರು. ಕಮಲಾಪುರ ಬಂದಾಗ ನಾನು ಇಳಿದೆ.