ಒಂದೂ ಚುಕ್ಕೆಯಿಲ್ಲದ ಹಾಳೆ

ಹುಮನಾಬಾದಿನ ಕಚೇರಿಯೊಂದರ ಎದುರು, ಬೇವಿನ ಮರದಡಿ ಅರ್ಜಿ ಬರೆಯುವವರು ನಾವು ಮೂವರು. ಮೂವರಿಗೂ ಸೇರಿ ಒಂದೇ ತಗಡಿನ ಪೆಟ್ಟಿಗೆ, ಅದರಲ್ಲಿ ಅರವತ್ನಾಲ್ಕು ನಮೂನೆ ಹಾಳೆ. ಜನ ಬಂದು ತಾಪತ್ರಯ ಹೇಳಿದರೆ ಅದಕ್ಕೆ ತಕ್ಕ ಹಾಳೆ ತೆಗೆದು, ಹೆಸರು, ಊರು ಬದಲಿಸಿ ನಕಲು ಮಾಡುವುದು. ಕನ್ನಡ ನಾಡು ಒಂದೇ ರಾಜ್ಯವಾಗಿ ಐದಾರು ವರ್ಷವಾಗಿತ್ತು. ನನಗೆ ಇಪ್ಪತ್ತೊಂದು, ಡೈರಿಯ ಚಟ.

ಯಾವ ಹಾಳೆ ಎಷ್ಟು ಸಲ ಹೊರಬರುತ್ತದೆ ಎಂದು ಮೂರು ತಿಂಗಳು ಚುಕ್ಕೆ ಇಟ್ಟೆ. ಮೂರನೆಯದೂ ಹನ್ನೊಂದನೆಯದೂ ರಜೆ ಕೇಳುವ ಹಾಳೆ, ಅಕ್ಷರಶಃ ಒಂದೇ ಒಕ್ಕಣೆ. ಮೂರರ ತಲೆಯ ಮೇಲೆ ‘ಅರ್ಜಿ’, ಹನ್ನೊಂದರ ಮೇಲೆ ‘ದರಖಾಸ್ತು’. ಮೂರಕ್ಕೆ ಎರಡು ಚುಕ್ಕೆ, ಹನ್ನೊಂದಕ್ಕೆ ನೂರಾ ನಾಲ್ಕು. ‘ಕೊಟ್ಟದ್ದನ್ನು ವಾಪಸ್ ಪಡೆಯುವ’ ಐವತ್ತೆರಡನೆಯದಕ್ಕೆ ಒಂದೂ ಇಲ್ಲ. ತೆಗೆದುಹಾಕಲು ಇಂಥ ಇಪ್ಪತ್ಮೂರು ಹಾಳೆ ಆರಿಸಿದೆ.

ನಮ್ಮಲ್ಲಿ ಹಿರಿಯರಾದ ಕಾಕಾ ತಲೆಯಾಡಿಸಿದರು. “ಹಾಳಿಗೇನು ಮೇವು ಹಾಕಾಕತ್ತೀಯೇನೋ? ಇದ್ದಲ್ಲೇ ಇರ್ಲಿ ಬಿಡು.”

“ಒಂದೇ ಮಾತಿಗಿ ಎರಡು ಹಾಳಿ ಯಾಕ್ರಿ ಕಾಕಾ?”

“ಬ್ಯಾಡಾದ್ರ ತಗಿಯಪ. ಯಾರು ಅಳ್ತಾರ ಅನ್ನೂದು ತಗದ ಮ್ಯಾಲೇ ಗೊತ್ತಾಗ್ತದ.”

ತೆಗೆದೆ. ಇಪ್ಪತ್ಮೂರನ್ನೂ ಭಜಿ ಕಟ್ಟಿಕೊಡಲೆಂದು ಅಂಗಡಿಯ ಚಾಚಾನಿಗೆ ಕೊಟ್ಟೆ. ಸೋಮವಾರ, ಎರಡು ಮಿರ್ಚಿ ಪುಕ್ಕಟೆ ಎಂದು ಡೈರಿಯಲ್ಲಿದೆ.

ಮರುವಾರ ಸರ್ಕಾರಿ ಬಂಗಲೆಯ ಕಸ ಗುಡಿಸುವ ಅಕ್ಕ ಬಂದಳು. ದುಬಲಗುಂಡಿಯವಳು, ಎಂಟು ತಿಂಗಳ ಬಸುರಿ. ಹುಲಸೂರಿನ ತವರಿಗೆ ಹೋಗಬೇಕು. ರಜೆ ಮಂಜೂರಾಗದೆ ಹೋದರೆ ನೌಕರಿ ಬೇರೆಯವರ ಪಾಲು. ಹನ್ನೊಂದನೆಯ ಹಾಳೆ ನೋಡಿ ಚೆಂದಾಗಿ ಬರೆದುಕೊಟ್ಟೆ.

ನಾಲ್ಕನೆಯ ದಿನ ಕಚೇರಿಯವರು ಬರೆದುಕೊಟ್ಟ ಚೀಟಿ ಹಿಡಿದು ತಿರುಗಿ ಬಂದಳು. “ತಮ್ಮಾ, ಒಳಗಿನ ಹೊಸ ಸಾಹೇಬ್ರು ನನ್ನ ಭೂಮಿ ಎಲ್ಲೈತಿ ಅಂತ ಕೇಳಾಕತ್ತಾರ. ನಾಕೂ ದಿಕ್ಕಿನ ಬಾಂದು ಬರಕೊಂಡು ಬಾ ಅಂದ್ರು. ಈ ಹೊಟ್ಟಿಗಿ ಬಾಂದು ಹ್ಯಾಂಗ ಬರೀಬೇಕೋ? ಮೂಡಲಕ್ಕ ಅತ್ತಿ, ಪಡುವಲಕ್ಕ ಗಂಡ ಅಂತ ಬರೀಲೇನು?”

ಮರದಡಿಯ ಜನವೆಲ್ಲ ನಕ್ಕರು. ಅವಳು ನಗಲಿಲ್ಲ.

ಕಾಕಾ ಚೀಟಿ ನೋಡಿ ಹಣೆ ಬಡಿದುಕೊಂಡರು. ನಮ್ಮ ಕಡೆ ಯಾವ ಬಿನ್ನಹವಾದರೂ ದರಖಾಸ್ತೇ. ಮೈಸೂರು ಕಡೆಯವರಿಗೆ ದರಖಾಸ್ತು ಎಂದರೆ ಸರ್ಕಾರಿ ಜಮೀನು ಕೇಳುವುದು. ಹಳೆಯ ಗುಮಾಸ್ತರು ಬೀದರಿನವರು. ಅವರಿಗೆ ವರ್ಗವಾಗಿ, ಹದಿನೈದು ದಿನದ ಹಿಂದೆ ಮೈಸೂರಿನವರು ಬಂದಿದ್ದರು. ಅವರು ತಲೆಬರಹವಷ್ಟೇ ನೋಡಿದ್ದರು. ನನ್ನ ನೂರಾ ನಾಲ್ಕು ಚುಕ್ಕೆಯೂ ಹಳೆಯವರ ಕಾಲದವು.

“ಹಾಳಿ ತಗಿಯೂ ಮೊದಲ ಕುರ್ಚಿ ಮ್ಯಾಲ ಯಾರು ಕುಂತಾರ ಅಂತ ಕಿಟಕ್ಯಾಗ ಹಣಿಕಿ ನೋಡ್ಬೇಕು” ಎಂದರು ಕಾಕಾ. ಅವರು ಹಾಗೆ ನೋಡುವುದನ್ನು ‘ದಿನಕ್ಕೆ ಹತ್ತು ನಿಮಿಷ ವ್ಯರ್ಥ’ ಎಂದು ನಾನು ಡೈರಿಯಲ್ಲಿ ಬರೆದಿದ್ದೆ.

‘ಅರ್ಜಿ’ ಎಂದು ಹೊಸದು ಬರೆದು ಒಳಗೆ ಓಡಿದೆ. ಗುಮಾಸ್ತರು ಸಭ್ಯರು. “ಮೊದಲನೆಯದು ಜಮೀನಿನ ಕಡತ ಸೇರಿಬಿಟ್ಟಿದೆಯಲ್ಲಪ್ಪಾ. ಅದನ್ನು ರೀತಿಪ್ರಕಾರ ವಾಪಸ್ ತಗೊಳ್ಳಿ, ಆಮೇಲೆ ಇದನ್ನು ನೋಡ್ತೀನಿ” ಎಂದರು.

ಐವತ್ತೆರಡನೆಯ ಹಾಳೆ! ಅದರ ಒಕ್ಕಣೆ ಕಾಕಾನಿಗೂ ಬಾಯಿಪಾಠವಿರಲಿಲ್ಲ. ಅದನ್ನು ಬಳಸಿದವರೇ ಇಲ್ಲವಲ್ಲ.

ಭಜಿ ಅಂಗಡಿಗೆ ಓಡಿದೆ. “ಚಾಚಾ, ನನ್ನ ಹಾಳಿ ಎಲ್ಲ್ಯಾವ್ರಿ?”

“ಊರ ಮಂದಿ ಕೈಯಾಗ ಅವ ಬೇಟಾ. ಮನ್ನಾಏಖೇಳ್ಳಿ ಬಸ್ಸಿನಾಗೂ ನಾಕು ಹೋದ್ವು.”

ಉಳಿದದ್ದು ಆರು. ಐವತ್ತೆರಡನೆಯದು ಬೆಂಚಿನ ಮೇಲೆ ಕೂತವರೊಬ್ಬರ ಕೈಯಲ್ಲಿತ್ತು, ಮೇಲೆ ಒಂದೂವರೆ ಮಿರ್ಚಿ. “ಬಿಸಿ ಐತಿ, ತಡಿಯಪ” ಎಂದು ಅವರು ಪೂರ್ತಿ ತಿನ್ನುವವರೆಗೆ ಎದುರಿಗೇ ನಿಂತೆ. ಎಣ್ಣೆ ಹೀರಿದ ಹಾಳೆಯಲ್ಲಿ ಹಿಂದಿನ ಅಕ್ಷರವೂ ಮುಂದೆ ಕಾಣುತ್ತಿತ್ತು. ಬಿಸಿಲಿಗೆ ಹಿಡಿದು ಓದಿ ನಕಲು ಮಾಡಿದೆ.

ಮಧ್ಯಾಹ್ನ ದರಖಾಸ್ತು ವಾಪಸಾಯಿತು, ಮರುದಿನ ರಜೆ ಮಂಜೂರಾಯಿತು. ಅಕ್ಕ ಬಸ್ಸು ಹತ್ತುವಾಗ ಕಿಟಕಿಯಿಂದ ಕೂಗಿದಳು: “ತಮ್ಮಾ, ಗಂಡಾದ್ರ ಅರ್ಜಿ ಅಂತ ಹೆಸರಿಡ್ತೀನಿ, ಹೆಣ್ಣಾದ್ರ ದರಖಾಸ್ತಿ!”

ಜಿಡ್ಡು ಹಾಳೆಯನ್ನು ಒಣಗಿಸಿ ಪೆಟ್ಟಿಗೆಯಲ್ಲಿಟ್ಟೆ. ಡೈರಿಯಲ್ಲಿ ಐವತ್ತೆರಡರ ಮುಂದೆ ಒಂದು ಚುಕ್ಕೆ ಬಿತ್ತು.