ಓಡಿಸಲು ಕಲಿತು ಮಾರಿದ ಕಾರು

ಇವತ್ತು ಬೆಳಿಗ್ಗೆ ನಮ್ಮೂರು ಶೋರ್‌ಲೈನ್‌ನ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ ಪಕ್ಕದಲ್ಲೊಂದು ಹಳೆಯ ಕಾರು ಸ್ಟಾರ್ಟ್ ಆಯಿತು. ಅರ್ಧ ಉರಿದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಟ್ಯಾಂಕಿನ ಮುಚ್ಚಳ ಹಾಕುವುದನ್ನೂ ಮರೆತು ನಿಂತುಬಿಟ್ಟೆ. ನಮ್ಮ ಗ್ಯಾರೇಜು ಎಷ್ಟೋ ಕಾಲ ಹೀಗೆಯೇ ನಾರುತ್ತಿತ್ತು. ನನ್ನ ಸಾರಿನ ಒಗ್ಗರಣೆಗೂ ಅದಕ್ಕೂ ನಡುವೆ ಇದ್ದದ್ದು ಒಂದೇ ಬಾಗಿಲು; ಗೆಲ್ಲುತ್ತಿದ್ದದ್ದು ಯಾವಾಗಲೂ ಗ್ಯಾರೇಜೇ.

ನನ್ನ ಗಂಡ ಶ್ರೀಧರ್ ಅವರ ಕೆಲಸ ಸಾಫ್ಟ್‌ವೇರಿನದು, ಮನಸ್ಸು ಮಾತ್ರ ನಟ್ಟು ಬೋಲ್ಟುಗಳದ್ದು. ಒಂದು ಭಾನುವಾರ ಅವರು ಟ್ರಕ್ಕಿನ ಮೇಲೆ ಹೇರಿಸಿಕೊಂಡು ತಂದದ್ದು ಅರವತ್ತರ ದಶಕದ, ಭಾರೀ ಎಂಜಿನ್ನಿನ ಒಂದು ಮಸಲ್ ಕಾರು. ಉದ್ದನೆಯ ಮೂತಿ, ಎರಡೇ ಬಾಗಿಲು, ಮೈತುಂಬ ತುಕ್ಕು. "ಇದನ್ನ ಯಾರು ಓಡಿಸ್ತಾರ್ರೀ?" ಎಂದು ಕೇಳಿದೆ. "ನಾನೇ," ಎಂದರು. ಅಂದಿನಿಂದ ಓಡುವ ಕಾರು ಮಳೆಯಲ್ಲಿ ನೆನೆಯಿತು, ಓಡದ ಕಾರು ಸೂರಿನಡಿ ಬೆಚ್ಚಗಿತ್ತು.

ಅವರಿಗೆ ಹಳೆಯ ಚೆಲುವು ಬೇಕಿತ್ತು, ಹಳೆಯ ಅಪಾಯ ಬೇಡವಾಗಿತ್ತು. ಹಾಗಾಗಿ ಹೊರಗೆ ಅದೇ ಕಡುನೀಲಿ ಬಣ್ಣ, ಅದೇ ಹೊಳೆಯುವ ಬಂಪರು; ಒಳಗೆ ಹೊಸ ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಭುಜದ ಮೇಲೆ ಹಾಯುವ ಸೀಟ್ ಬೆಲ್ಟ್. ಗೇರು ಮಾತ್ರ ಕೈಯಲ್ಲೇ ಹಾಕಬೇಕು. ಅದರಲ್ಲಿ ನಾನು ಪಕ್ಕದ ಸೀಟಿನವಳು. ಅದು ಗುಡುಗಿದಾಗಲೆಲ್ಲ ಸೆರಗು ಬಿಗಿಹಿಡಿದು, ಬೇಗ ಮನೆ ಬರಲಿ ಎಂದುಕೊಳ್ಳುತ್ತಿದ್ದೆ. ಇವರ ಮುಖದಲ್ಲಿ ಆಗ ಕಾಣುತ್ತಿದ್ದ ಸುಖವನ್ನು, ಹೇಳಬಾರದು, ನಮ್ಮ ಮದುವೆಯ ಫೋಟೋದಲ್ಲೂ ನಾನು ಕಂಡಿಲ್ಲ.

ಆಮೇಲೆ ಅವರು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಪಕ್ಕದಲ್ಲೇ ಇದ್ದ ಲೋಟಕ್ಕೆ ಕೈ ತಗುಲಿ ನೀರು ಚೆಲ್ಲುತ್ತಿತ್ತು. ಕಣ್ಣಿನ ಡಾಕ್ಟರು ನೋಡಿ, ಎದುರಿನದು ಚೆನ್ನಾಗಿಯೇ ಕಾಣುತ್ತದೆ, ಎರಡೂ ಬದಿಯ ನೋಟ ಮುಚ್ಚುತ್ತಾ ಬರುತ್ತಿದೆ, ಇನ್ನು ಡ್ರೈವ್ ಮಾಡುವಂತಿಲ್ಲ ಎಂದರು. ಕೆಲವು ದಿನಗಳ ನಂತರ, ತಿಂಡಿ ತಿನ್ನುತ್ತಾ ಇವರು, "ಮಾರಿಬಿಡೋಣ. ಸುಮ್ನೆ ನಿಂತ್ರೆ ಹಾಳಾಗತ್ತೆ," ಎಂದರು.

ಮಾರುವುದೆಂದರೆ ಬಂದವರಿಗೆ ಓಡಿಸಿ ತೋರಿಸಬೇಕು. ಮನೆಯಲ್ಲಿ ಉಳಿದ ಡ್ರೈವರ್ ನಾನೊಬ್ಬಳೇ, ಅದೂ ಕ್ಲಚ್ಚೇ ಇಲ್ಲದ ಕಾರಿನ ಡ್ರೈವರ್. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಪಾಠ ಶುರುವಾಯಿತು. ಕಾರು ಕಪ್ಪೆಯಂತೆ ಕುಪ್ಪಳಿಸಿ ನಿಲ್ಲುತ್ತಿತ್ತು. "ಮೀಟರ್ ನೋಡ್ಬೇಡ, ಕಿವಿ ಕೊಡು. ಗೇರ್ ಯಾವಾಗ ಹಾಕ್ಬೇಕು ಅಂತ ಅದೇ ಹೇಳತ್ತೆ," ಎನ್ನುತ್ತಿದ್ದರು. ನನಗೆ ಬಹಳ ದಿನ ಅದು ಏನನ್ನೂ ಹೇಳಲಿಲ್ಲ. ಒಂದು ಮಧ್ಯಾಹ್ನ, ಏರಿನಲ್ಲಿ, ಯೋಚಿಸದೆಯೇ ಕೈ ಗೇರು ಬದಲಾಯಿಸಿತು. ಕಾರು ಸರಾಗವಾಗಿ ಮೇಲೇರಿತು. ನನಗೆ ಕಾರು ಇಷ್ಟವಾದದ್ದು ಆ ಮಧ್ಯಾಹ್ನ; ಜಾಹೀರಾತು ಹಾಕಿದ್ದೂ ಅದೇ ವಾರ.

ಮೊದಲು ಬಂದವರು ಹಳೆ ಕಾರುಗಳನ್ನು ಸಂಗ್ರಹಿಸುವ ಒಬ್ಬ ಸಭ್ಯ ಮನುಷ್ಯ. ಬಗ್ಗಿ ಅಡಿಯೆಲ್ಲ ನೋಡಿದರು, ಬಾನೆಟ್ ಎತ್ತಿಸಿದರು. ಎದ್ದು ಮಂಡಿ ಕೊಡವಿಕೊಳ್ಳುತ್ತಾ, ಹುಟ್ಟಿದಾಗಿನ ಎಂಜಿನ್ ಇಲ್ಲವಲ್ಲ, ಒಳ್ಳೆಯ ಕಾರನ್ನು ಕೆಡಿಸಿದ್ದೀರಿ ಎಂದು ವಿಷಾದದಿಂದಲೇ ಹೇಳಿ ಹೋದರು. ಇವರು ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತೇ ಇದ್ದರು. ಕಾಫಿ ತಂದುಕೊಟ್ಟೆ. "ಓಡ್ಲಿ ಅಂತ ಮಾಡ್ದೆ ಕಣೇ. ನೋಡ್ಲಿ ಅಂತಲ್ಲ," ಎಂದರು.

ಆಮೇಲೆ ಬಂದವಳು ಲಿಂಡಾ. ರೆಂಟನ್‌ನ ಕಾರ್ಖಾನೆಯಲ್ಲಿ ವಿಮಾನ ಜೋಡಿಸುವ ಕೆಲಸದವಳು, ನನ್ನ ವಯಸ್ಸಿನವಳೇ. ಅವಳು ಅಡಿ ನೋಡಲಿಲ್ಲ, ಎಂಜಿನ್ ಬಗ್ಗೆ ಕೇಳಲಿಲ್ಲ. ನನ್ನ ಪಕ್ಕ ಕುಳಿತು ಬೆಲ್ಟ್ ಹಾಕಿಕೊಂಡಳು. ಇವರು ಹಿಂದಿನ ಇಕ್ಕಟ್ಟಿನಲ್ಲಿ ಮಡಿಚಿಕೊಂಡು ಕುಳಿತರು. ಮಳೆ ಹನಿಯುತ್ತಿತ್ತು. ಖಾಲಿ ರಸ್ತೆ ಸಿಕ್ಕಾಗ ಅವಳು, "ಇಲ್ಲಿ ಜೋರಾಗಿ ಬ್ರೇಕ್ ಹಾಕ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕನ್ನಡಿಯಲ್ಲಿ ಇವರನ್ನು ನೋಡಿದೆ. "ಹಾಕು, ಭಯ ಬೀಳ್ಬೇಡ," ಎಂದರು. ಹಾಕಿದೆ. ಕಾರು ಒಂದಿಷ್ಟೂ ಅತ್ತಿತ್ತ ಜಾರದೆ, ಗೆರೆ ಎಳೆದಂತೆ ನೇರವಾಗಿ ನಿಂತಿತು.

ಲಿಂಡಾ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದಳು. "ನಮ್ಮಪ್ಪನ ಹತ್ರ ಇಂಥದೇ ಕಾರಿತ್ತು. ಅದು ಹೀಗೆ ನಿಲ್ಲಲಿಲ್ಲ," ಎಂದಳು. ಅಷ್ಟೇ. ಹಿಂದಿನ ಸೀಟಿನಿಂದ ಇವರ ಕೈ ಮುಂದೆ ಬಂದು, ಗಾಳಿಯಲ್ಲಿ ಸ್ವಲ್ಪ ತಡಕಿ, ಅವಳ ಭುಜ ಮುಟ್ಟಿತು.

ಅವಳು ಕಾರು ಒಯ್ದ ದಿನ ನಾವಿಬ್ಬರೂ ಗೇಟಿನ ಬಳಿ ನಿಂತಿದ್ದೆವು. ಅದು ತಿರುವು ದಾಟಿದರೂ ಇವರು ತಲೆ ಓರೆ ಮಾಡಿ ಕೇಳುತ್ತಲೇ ಇದ್ದರು. "ಥರ್ಡ್‌ಗೆ ಹಾಕಿದ್ಲು. ಒಂಚೂರು ಬೇಗ ಆಯ್ತು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ಚೆನ್ನಾಗಿ ಹಾಕ್ತೀಯ."

ಹಿಂದಿನಿಂದ ಯಾರೋ ಹಾರ್ನ್ ಮಾಡಿದರು. ಬಂಕಿನಲ್ಲಿ ನಿಂತು ಬಹಳ ಹೊತ್ತಾಗಿತ್ತು. ಮುಚ್ಚಳ ಹಾಕಿ ಎಡಬದಿಯ ಡ್ರೈವರ್ ಸೀಟಿನಲ್ಲಿ ಕುಳಿತು, ಪಕ್ಕದಲ್ಲಿದ್ದ ಇವರನ್ನು ಆಫೀಸಿಗೆ ಬಿಡಲು ಸರೋವರದ ದಂಡೆಯ ಸೌತ್ ಲೇಕ್ ಯೂನಿಯನ್ ಕಡೆ ಹೊರಟೆ. ಮೊದಲೆಲ್ಲ ದಾರಿಯಲ್ಲಿ ನಾನು ಏನನ್ನೂ ನೋಡುತ್ತಿರಲಿಲ್ಲ. ಈಗ ಇಬ್ಬರ ಪಾಲಿನದನ್ನೂ ನೋಡುತ್ತೇನೆ. ಸರೋವರದ ಪಕ್ಕ ಬಂದಾಗ ಇವರು ಕೇಳಿದರು: "ಎಡಗಡೆ ಏನಿದೆ?"

"ನೀರು ಬೂದಿ ಬಣ್ಣಕ್ಕಿದೆ. ಒಂದು ಪುಟ್ಟ ವಿಮಾನ ನೀರಿನ ಮೇಲೆ ಇಳೀತಿದೆ."

"ಬಲಗಡೆ?"

"ಬಲಗಡೆ ನೀವಿದ್ದೀರಿ," ಎಂದೆ.